ಉಗುರುಬೆಚ್ಚಗಿನ ನೀರು

ಡಿಸೆಂಬರ್ ೧೭, ೨೦೦೬, ಭಾನುವಾರ

ಬರೆಯುವ ಅಭ್ಯಾಸ ನನಗೆ ಎಸ್ಸೆಸ್ಸೆಲ್ಸಿಗೇ ಮುಗಿದಿತ್ತು. ಇವತ್ತು ಎಲ್ಲಾದರೂ ಒಂದು ಕಡೆ ಕಾರಿಕೊಳ್ಳದೆ ಹೋದರೆ ಮನೆಯಲ್ಲಿ ಯಾರ ಮೇಲಾದರೂ ಹಾರಿಬೀಳುತ್ತೇನೆ, ಅದಕ್ಕೇ ಕೂತಿದ್ದೇನೆ. ಇದನ್ನು ಯಾರೂ ಓದುವಂತಿಲ್ಲ. ನಮ್ಮೆಜಮಾನರಂತೂ ಓದುವುದಿಲ್ಲ, ಕರೆಂಟ್ ಬಿಲ್ಲನ್ನೂ ನನ್ನ ಕೈಲೇ ಓದಿಸುವ ಮಹಾನುಭಾವ.

ಮಾವನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಲಕ್ವ ಹೊಡೆದು ಬಲಗೈ, ಬಲಗಾಲು ಎರಡೂ ಮಾತು ಕೇಳುತ್ತಿಲ್ಲ. ಬಾಯಿ ಎಡಕ್ಕೆ ಎಳೆದಿದೆ. ಮಾತಾಡುತ್ತಾರೆ, ಆದರೆ ಬಾಯಿತುಂಬ ತುತ್ತು ಇಟ್ಟುಕೊಂಡು ಆಡಿದ ಹಾಗೆ. ಹೊನ್ನಯ್ಯ ಅಂದರೆ ಕೂಟಗಲ್ ಸುತ್ತಮುತ್ತ ಎಲ್ಲರಿಗೂ ಗೊತ್ತು. ಕೆರೆಯ ಆಚೆ ದಡದಲ್ಲಿದ್ದ ಕುರಿಗಳನ್ನು ಈಚೆ ದಡದಿಂದ ಕರೆಯುತ್ತಿದ್ದ ಗಂಟಲು ಅದು. ಇವತ್ತು ನೀರು ಕೇಳಿದ್ದು ನನಗೆ ಎರಡು ಸಲಕ್ಕೂ ತಿಳಿಯಲಿಲ್ಲ.

ಇವರ ಅಕ್ಕ ಮಾಯಮ್ಮ ದೊಡ್ಡಆಲಹಳ್ಳಿಯಿಂದ ಬಂದಿದ್ದರು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿಯೇ ಬಿಟ್ಟರು.

"ನೋಡಮ್ಮಿ ನಯನಾ, ನೀನು ನೂಲು ತೆಗೆಯಾಕ್ ಹೋಗೋಳು. ಚಿಕ್ಕರಾಜು ಕಂಪ್ನಿ, ಶಿಫ್ಟು ಅಂತಾನೆ. ಅಪ್ಪನ್ನ ನೋಡ್ಕಳೋರ್ ಯಾರು? ಶಿವರಾತ್ರಿ ಗಂಟ ಸುಮ್ನಿರ್ತೀನಿ. ಇಲ್ಲಿ ಸರಿಹೋಗ್ನಿಲ್ಲ ಅಂದ್ರೆ ನಮ್ಮೂರಿಗೆ ಕರ್ಕೊಂಡೋಯ್ತೀನಿ. ಆಮೇಲ್ ಯಾರೂ ಏನೂ ಅನ್ಬ್ಯಾಡಿ."

ಮಗ ಇದ್ದೂ ಮಗಳ ಮನೆ ಸೇರಿದ ಅನ್ನುವ ಮಾತು ಮಾವನ ಕಿವಿಗೆ ಬಿದ್ದರೆ ಅವರು ಉಳಿಯುತ್ತಾರಾ? ಇವರು ತಲೆ ತಗ್ಗಿಸಿಕೊಂಡು ಹೊರಗೆ ಹೋದರು. "ನಾಳೆಯಿಂದ ನಾನು ಕೆಲಸಕ್ಕೆ ಹೋಗಲ್ಲ ಅತ್ತಿಗೆ, ನಾನೇ ನೋಡ್ಕೋತೀನಿ" ಅಂದುಬಿಟ್ಟೆ. ಬಾಯಿ ಮೊದಲು, ಬುದ್ಧಿ ಆಮೇಲೆ, ನನ್ನದು ಯಾವಾಗಲೂ ಹೀಗೇ.

ಆದರೆ ಅಂದದ್ದಕ್ಕೆ ಬೇಸರವಿಲ್ಲ. ನಾನು ಮದುವೆಯಾಗಿ ಬಂದಾಗ ಈ ಮನೆಯ ನೆಂಟರೆಲ್ಲ ನನ್ನ ಕೈ ಮೂಸಿ ನೋಡಿದವರೇ. ಹದಿನಾಲ್ಕು ವರ್ಷದಿಂದ ರಾಮನಗರದ ನೂಲು ತೆಗೆಯುವ ಫಿಲೇಚರಿನಲ್ಲಿ ಕುದಿಯುವ ನೀರಿನಿಂದ ರೇಷ್ಮೆಗೂಡು ಎತ್ತಿ ಎಳೆ ತೆಗೆದ ಕೈ, ಸತ್ತ ಹುಳದ ವಾಸನೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಊಟಕ್ಕೆ ಕೂತವರು ನಾನು ಮುದ್ದೆ ಇಡಲು ಬಂದರೆ ಮುಖ ಕಿವಿಚುತ್ತಿದ್ದರು. ಮಾವ ತಟ್ಟೆ ಮುಂದಕ್ಕೆ ತಳ್ಳಿ, "ಕುರಿ ವಾಸ್ನೇಲೇ ಬೆಳೆದೋರು ನಾವು. ಈ ಮಗಂದು ದುಡಿಯೋ ಕೈ, ಮೊದ್ಲು ನಂಗಿಕ್ಕವ್ವ" ಅಂದಿದ್ದರು. ಅವತ್ತಿನಿಂದ ಯಾರೂ ಮೂಸಲಿಲ್ಲ. ಅಂಥ ಮನುಷ್ಯನನ್ನು ನಾನು ಬಿಟ್ಟುಕೊಡುತ್ತೇನಾ!

ಡಿಸೆಂಬರ್ ೨೧, ಗುರುವಾರ

ಡಾಕ್ಟರು ದಿನಾ ಜಗಲಿಯವರೆಗೆ ನಡೆಸಿ ಅಂದಿದ್ದಾರೆ. ಮಾವ ಏಳುವುದಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾರೆ. ಪಕ್ಕದ ಮನೆ ದೊಡ್ಡಹನುಮಯ್ಯ ನೋಡಲು ಬಂದರೆ ಕಂಬಳಿ ಎಳೆದು ಮುಖ ಮುಚ್ಚಿಕೊಂಡರು. ಹನುಮಯ್ಯ ಪಾಪ, ಕಂಬಳಿಯ ಜೊತೆಗೇ ಒಂದಷ್ಟು ಹೊತ್ತು ಮಾತಾಡಿ ಎದ್ದು ಹೋದ.

ಏನು ಮಾವ, ಯಾಕೆ ಅಂದರೆ ಎಡಗೈ ಎತ್ತಿ ಕೆನ್ನೆ ಮುಟ್ಟಿಕೊಂಡು, "ಗಡ್ಡ" ಅಂದರು.

ನನಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು. ಕುರಿ ಮೇಯಿಸುತ್ತಿದ್ದ ಕಾಲದಲ್ಲಿ ಮಾವ ವಾರಕ್ಕೊಮ್ಮೆ ಕ್ಷೌರ ಮಾಡಿಸಿಕೊಂಡರೆ ಹೆಚ್ಚಂತೆ. ಬಿಡದಿ ಕಡೆ ಅವರು ಕುರಿ ಬಿಡುತ್ತಿದ್ದ ಬಯಲಿಗೆ ಕಾಂಪೌಂಡು ಬಿತ್ತು, ಫ್ಯಾಕ್ಟರಿ ಬಂತು. ಮೇವಿಲ್ಲದೆ ಕುರಿ ಮಾರಿ ಅದೇ ಕಾಂಪೌಂಡಿನ ಗೇಟಿಗೆ ಕಾವಲು ಸೇರಿದರು. ಅಲ್ಲಿ ಸೂಪರ್‌ವೈಸರು ಬೆಳಿಗ್ಗೆ ಸಾಲಾಗಿ ನಿಲ್ಲಿಸಿ ಎಲ್ಲರ ಕೆನ್ನೆ ನೋಡುತ್ತಿದ್ದನಂತೆ, ಗಡ್ಡ ಇದ್ದರೆ ವಾಪಸ್ಸು. ಮೊದಮೊದಲು ಬೈದುಕೊಂಡು ಕೆರೆದುಕೊಂಡವರು ಆಮೇಲೆ ಅದಕ್ಕೇ ಮಾರುಹೋದರು. ನಾನು ಬಂದ ಮೇಲೆ ನೋಡಿದ್ದೇನಲ್ಲ, ಹಿತ್ತಲಲ್ಲಿ ಸ್ಟೂಲು ಹಾಕಿಕೊಂಡು, ಕನ್ನಡಿಯನ್ನು ನುಗ್ಗೆಮರಕ್ಕೆ ಸಿಕ್ಕಿಸಿ, ಯಾರ ಮದುವೆಗೋ ಹೊರಟವರ ಹಾಗೆ ಶೇವ್ ಮಾಡಿಕೊಳ್ಳುತ್ತಿದ್ದರು. ಮುಖ ತೊಳೆದು ಟೋಪಿ ಇಟ್ಟರೆ ದೇವರಾಣೆ ಆ ಫ್ಯಾಕ್ಟರಿ ಇವರದೇ ಅನ್ನಿಸುತ್ತಿತ್ತು.

ಈಗ ಗಡ್ಡ ಬಿಟ್ಟುಕೊಂಡು ಜನರ ಎದುರು ಹೇಗೆ ಕೂತಾರು?

ಡಿಸೆಂಬರ್ ೨೫, ಸೋಮವಾರ

ನಿನ್ನೆ ಅಂಕಯ್ಯ ಬಂದು ಕ್ಷೌರ ಮಾಡಿಹೋದ. ಈಗ ಅವನ ಅಂಗಡಿ ಬಿಡದಿಯಲ್ಲಿ, ಕಂಪನಿ ಹುಡುಗರು ಸಾಲುಗಟ್ಟಿ ನಿಲ್ಲುತ್ತಾರಂತೆ, ಊರಿಗೆ ಬರುವುದು ಭಾನುವಾರ ಮಾತ್ರ. ಮಾವನಿಗೆ ದಿನಾ ಬೇಕು. ಇವತ್ತು ಬೆಳಿಗ್ಗೆ ಮಗರಾಯರು ಶಿಫ್ಟಿಗೆ ಹೊರಡುವ ಗಡಿಬಿಡಿಯಲ್ಲಿ ರೇಜರ್ ಹಿಡಿದರು. ಗದ್ದದ ಮೇಲೆ ಎರಡು ಕಡೆ ಕುಯ್ದರು. ಮಾವ "ಸಾಕು" ಅಂದು ಮತ್ತೆ ಗೋಡೆ ಕಡೆ ತಿರುಗಿದರು.

"ಅಪ್ಪ ಅಂದ್ರೆ ಕೈ ನಡುಗ್ತದೆ ಕಣೇ" ಅಂದರು ಇವರು. ಕೈ ನಡುಗಿದ್ದು ಬಸ್ಸು ತಪ್ಪುತ್ತದೆ ಅಂತ. ನನಗೆ ಗೊತ್ತಿಲ್ಲವಾ.

ಡಿಸೆಂಬರ್ ೨೮, ಗುರುವಾರ

ನಾನೇ ಮಾಡಿದೆ. ಬರೆಯಲೂ ಭಯ. ಮಾವನ ಎದುರು ಇಷ್ಟು ವರ್ಷ ಕೂತವಳಲ್ಲ ನಾನು. ಅವರು ಜಗಲಿಯಲ್ಲಿದ್ದರೆ ನಾನು ಹಿತ್ತಲ ಬಾಗಿಲಿಂದ ಓಡಾಡಿದವಳು. ಸೊಸೆ ಮಾವನ ಮುಖಕ್ಕೆ ಕೈ ಹಾಕುವುದು ಎಲ್ಲಾದರೂ ಉಂಟಾ? ಆದರೆ ಆ ಗಡ್ಡ ನೋಡಲಾಗುತ್ತಿಲ್ಲ. ತಲೆ ಮೇಲೆ ಸೆರಗು ಎಳೆದುಕೊಂಡು, "ಮಾವ, ನಾನು ಮಾಡ್ಲಾ?" ಅಂದೆ. ಗೋಡೆ ಕಡೆಯಿಂದ ಮೆಲ್ಲಗೆ ಈ ಕಡೆ ಹೊರಳಿದರು. ಆಮೇಲೆ ಎಡಗೈಯಿಂದ ಗೋಡೆಯ ಗೂಡಿನಲ್ಲಿದ್ದ ಬ್ರಷ್ ತೋರಿಸಿದರು.

ಆ ಬ್ರಷ್ ಮಾವನಿಗೆ ಪ್ರಾಣ. ಫ್ಯಾಕ್ಟರಿಗೆ ಯಂತ್ರ ಕೂರಿಸಲು ಬಂದಿದ್ದ ಹೊರದೇಶದ ಎಂಜಿನಿಯರ್ ಒಬ್ಬ ಊರಿಗೆ ವಾಪಸ್ಸಾಗುವಾಗ, ದಿನಾ ಸಲ್ಯೂಟ್ ಹೊಡೆಯುತ್ತಿದ್ದ ಮಾವನಿಗೆ ಕೊಟ್ಟುಹೋದದ್ದು. ಯಾವುದೋ ಕಾಡುಪ್ರಾಣಿಯ ಕೂದಲಂತೆ. ಬುಡ ಕಪ್ಪು, ತುದಿ ಬೆಳ್ಳಗೆ, ಮುಟ್ಟಿದರೆ ಕುರಿಮರಿಯ ಕಿವಿಯಷ್ಟು ಮೆತ್ತಗೆ.

ಇಷ್ಟು ಒಳ್ಳೆಯ ಬ್ರಷ್ಷು, ಶುದ್ಧವಾಗಲಿ ಅಂತ ಒಲೆ ಮೇಲಿನ ಮರಳುವ ನೀರನ್ನು ಚೊಂಬಿಗೆ ಬಗ್ಗಿಸಿ ಅದರಲ್ಲಿ ಅದ್ದಿಟ್ಟೆ. ಫಿಲೇಚರಿನಲ್ಲಿ ಎಲ್ಲವೂ ಕುದಿಯುವ ನೀರಿಗೇ ಹೋಗುವುದು, ಗೂಡಿನಿಂದ ಎಳೆ ಎಬ್ಬಿಸುವ ಬ್ರಷ್ಷೂ ಅಷ್ಟೇ. ಸೋಪಿನ ಮೇಲೆ ತಿರುಗಿಸಿ ಮಾವನ ಕೆನ್ನೆಗೆ ಇಟ್ಟರೆ, ಅಯ್ಯೋ ಶಿವನೇ, ನೊರೆಯ ಜೊತೆ ಕೂದಲು! ಒಂದೆರಡಲ್ಲ, ಹಿಡಿಯೇ ಕಿತ್ತು ಬಂತು. ಮಾವನ ಗದ್ದದ ಮೇಲೆ ಇನ್ನೊಂದು ಗಡ್ಡ ಹುಟ್ಟಿದ ಹಾಗಾಯಿತು.

ಮಾವ ನನ್ನನ್ನೇ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಜನವರಿ ೨, ೨೦೦೭, ಮಂಗಳವಾರ

ಬ್ರಷ್ ಪೂರ್ತಿ ಹಾಳಾಗಿಲ್ಲ. ನಡುವೆ ಒಸಿ ಬೋಳಾಗಿದೆ, ಅಷ್ಟೇ. ಇವತ್ತು ಮಾವ ನನಗೆ ಪಾಠ ಮಾಡಿದರು. ಒಂದು ಮಾತಿಗೂ ಇನ್ನೊಂದು ಮಾತಿಗೂ ಉಸಿರು ಎಳೆದುಕೊಂಡು, ಅರ್ಧ ಕೈಯಲ್ಲಿ ತೋರಿಸಿ ಅರ್ಧ ಬಾಯಲ್ಲಿ ಹೇಳಿ.

"ಕೂದ್ಲು ಉಣ್ಣೆ ಇದ್ದಂಗೆ ಕಣ್ಮಗ. ಉಣ್ಣೆ ಬಿಸ್ನೀರಿಗೆ ಹಾಕ್ತಾರಾ?"

"ಇಲ್ಲ ಮಾವ, ಗಂಟು ಕಟ್ತದೆ."

"ಹೂಂ. ಕುರಿ ಕತ್ರಿಸೋಕ್ ಮುಂಚೆ... ಕೆರೇಲೇ ತೊಳೆಯೋದು. ಇದೂ ಹಂಗೇಯ. ಬುಡದಲ್ಲಿ ಅಂಟು ಐತೆ. ಬಿಸಿಗೆ ಅಂಟು ಬುಟ್ಬುಡ್ತದೆ."

ಉಗುರುಬೆಚ್ಚಗಿನ ನೀರು ಸಾಕು. ಅದರಲ್ಲಿ ಬ್ರಷ್ ಒಂದಷ್ಟು ಹೊತ್ತು ನೆನೆಯಬೇಕು, ಗಟ್ಟಿ ಕೂದಲು ತಾನಾಗಿ ಮೆತ್ತಗಾಗುತ್ತದೆ. ಕೆನ್ನೆ ಮೇಲೆ ಒತ್ತಿ ಉಜ್ಜಬಾರದು, ತುದಿಯಲ್ಲಿ ಸುತ್ತಿಸಬೇಕು, ಪಾತ್ರೆ ತಿಕ್ಕುವ ಹಾಗಲ್ಲ. (ಇದನ್ನು ಹೇಳುವಾಗ ನನ್ನನ್ನು ನೋಡಿ ಎಡಗಡೆ ಬಾಯಲ್ಲಿ ನಕ್ಕರು.) ಮುಗಿದ ಮೇಲೆ ಸೋಪು ಒಂದು ಚೂರೂ ಉಳಿಯದ ಹಾಗೆ ಜಾಲಿಸಿ, ಹಿಂಡದೆ, ಎಳೆಯದೆ, ಕೊಡವಿ, ಕೂದಲು ಕೆಳಗೆ ಮಾಡಿ ನೆರಳಲ್ಲಿ ನೇತುಹಾಕಬೇಕು. ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೂಷ್ಟು ಬರುತ್ತದೆ. ಆ ಹೊರದೇಶದವನಿಗೆ ಕನ್ನಡ ಬಾರದು, ಮಾವನಿಗೆ ಅವನ ಭಾಷೆ ಬಾರದು, ಆದರೂ ಗೇಟಿನ ಹತ್ತಿರ ಒಂದು ಲೋಟ ನೀರಿಟ್ಟುಕೊಂಡು ಇಷ್ಟನ್ನೂ ಹೇಳಿಕೊಟ್ಟನಂತೆ, ಇವರು ಕಲಿತರಂತೆ. ಯಾರನ್ನು ಮೆಚ್ಚಬೇಕೋ ಗೊತ್ತಾಗಲಿಲ್ಲ.

ಮಂಗಳವಾರ ಕ್ಷೌರ ಮಾಡಬಾರದಲ್ಲ ಮಾವ ಅಂದೆ. "ಗೇಟಿಗೆ ಮಂಗ್ಳಾರ ಇಲ್ಲ ಕಣವ್ವ" ಅಂದರು.

ನುಗ್ಗೆಮರದ ಕೊಂಬೆಗೆ ದಾರ ಕಟ್ಟಿ ಬ್ರಷ್ ತೂಗುಹಾಕಿದ್ದೇನೆ.

ಜನವರಿ ೯, ಮಂಗಳವಾರ

ಮಾವ ಜಗಲಿಗೆ ಬಂದರು! ನನ್ನ ಭುಜ ಹಿಡಿದು, ಬಲಗಾಲು ಎಳೆಯುತ್ತ ಬಂದು ಕೂತರು. ಮುಖ ನುಣ್ಣಗೆ ಹೊಳೆಯುತ್ತಿತ್ತು. ನನಗೆ ನಾನೇ ಹೆಮ್ಮೆಪಟ್ಟುಕೊಂಡೆ. ದೊಡ್ಡಹನುಮಯ್ಯ ದಾರಿಯಲ್ಲೇ ನಿಂತು, "ಏನ್ಲಾ ಹೊನ್ನಯ್ಯ, ಡ್ಯೂಟಿಗೆ ಹೊಂಟಂಗೆ ಕಾಣ್ತೀಯ?" ಅಂದ. ಮಾವ ಎಡಗೈಯಲ್ಲಿ ಸಲ್ಯೂಟ್ ಹೊಡೆದರು. ಹನುಮಯ್ಯ ಕಣ್ಣೊರೆಸಿಕೊಂಡ, ನಾನೂ ಒಳಗೆ ಓಡಿದೆ.

ಬಿದ್ದ ಮೇಲೂ ಅಷ್ಟು ನೆಟ್ಟಗೆ ಕೂರುವುದು ಎಲ್ಲರ ಕೈಲಾಗುವ ಮಾತಲ್ಲ.

ಜನವರಿ ೧೩, ಶನಿವಾರ

ನಾಡಿದ್ದು ಸಂಕ್ರಾಂತಿ. ಮನೆ ಸಾರಿಸುವುದು, ಎಳ್ಳು ಹುರಿಯುವುದು, ಎಲ್ಲದರ ನಡುವೆ ಮಾವನ ಶೇವಿಂಗೂ ಮುಗಿಸಿದೆ. ಚಳಿಗೆ ಗಡ್ಡ ಒರಟಾಗಿತ್ತು. ಅಂಕಯ್ಯ ಬಿಸಿ ಬಟ್ಟೆ ಇಡುತ್ತಾನಲ್ಲ, ಹಾಗೇ ನಾನೂ ಒಂದು ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿ ಬಲಗೆನ್ನೆಯ ಮೇಲೆ ಇಟ್ಟೆ, ಗಡ್ಡ ಮೆತ್ತಗಾಗಲಿ ಅಂತ. ಮಾವ ಮಿಸುಕಲಿಲ್ಲ. ಆಮೇಲೆ ರೇಜರ್ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು.

ಜನವರಿ ೧೪, ಭಾನುವಾರ

ಮಾವನ ಬಲಗೆನ್ನೆಯ ಮೇಲೆ ಬೊಬ್ಬೆ ಎದ್ದಿದೆ.

ಬೆಳಿಗ್ಗೆ ಕಾಫಿ ಕೊಡಲು ಹೋದಾಗ ಕಂಡದ್ದು. ನನ್ನ ಕೈಯಿಂದ ಲೋಟ ಬಿತ್ತು. ಸುಟ್ಟ ಬೊಬ್ಬೆ ಅದು, ಬೇರೆ ಏನೂ ಅಲ್ಲ. ನಿನ್ನೆಯ ಬಟ್ಟೆ. ಆದರೆ ನಾನು ಹಿಂಡಿದ್ದೆನಲ್ಲ! ಬರಿಗೈಲಿ ಹಿಂಡಿದ್ದೆ, ಬೆಚ್ಚಗಿತ್ತು ಅಷ್ಟೇ, ದೇವರ ಮೇಲೆ ಆಣೆ ಇಟ್ಟು ಹೇಳುತ್ತೇನೆ, ಬೆಚ್ಚಗಿತ್ತು.

ಇವರಿಗೆ ತೋರಿಸಿದೆ. ಇವರು ಒಲೆ ಹತ್ತಿರ ಹೋಗಿ, "ನಿನ್ನೆ ಎಂಥ ನೀರು ತಗೊಂಡೆ, ತೋರ್ಸು" ಅಂದರು. ನಿನ್ನೆಯ ಹಾಗೆಯೇ ಕಾಯಿಸಿ, ಅಷ್ಟೇ ತಣ್ಣೀರು ಬೆರೆಸಿ, ಕೈ ಅದ್ದಿ ನೋಡಿ, "ಇಂಥದ್ದು, ಉಗುರುಬೆಚ್ಚಗೆ" ಅಂದೆ. ಇವರು ಬೆರಳು ಇಟ್ಟವರು ಕಿರುಚಿ ಕೈ ಕಿತ್ತುಕೊಂಡರು.

ನನ್ನ ಕೈ ಇನ್ನೂ ಅದರೊಳಗೇ ಇತ್ತು.

ಜನವರಿ ೧೬, ಮಂಗಳವಾರ

ಹಬ್ಬದ ಎಳ್ಳು-ಬೆಲ್ಲ ಕೊಡುವ ನೆಪದಲ್ಲಿ ರಾಮನಗರಕ್ಕೆ ಹೋಗಿ ಮುನ್ನೀಯನ್ನು ನೋಡಿಬಂದೆ. ಫಿಲೇಚರಿನಲ್ಲಿ ನನ್ನ ಪಕ್ಕದ ಬೇಸಿನ್ನಿನವಳು. ವಿಷಯ ಹೇಳಿದೆ. ಅವಳು ಕುದಿಯುವ ಬೇಸಿನ್ನಿಗೆ ಕೈ ಹಾಕಿ ಒಂದು ಗೂಡು ಎತ್ತಿ ತೋರಿಸಿ, "ನಂಗೂ ಏನೂ ಆಗಲ್ಲ ಕಣೇ. ನಮ್ಮಮ್ಮ ಉರಿಯೋ ಕೆಂಡ ಎತ್ತಿ ಒಲೆಗೆ ಹಾಕ್ತಿದ್ರು. ಕೈ ಸತ್ತೋಗಿರ್ತದೆ ನಮ್ದು" ಅಂದಳು. ಇಬ್ಬರೂ ನಕ್ಕೆವು. ಆಮೇಲೆ ಇಬ್ಬರಿಗೂ ನಗು ನಿಂತುಹೋಯಿತು. ಮುನ್ನೀ ತನ್ನ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು.

"ಫಕ್ರುದ್ದೀನ್ ಸಾಬ್ರು ನಿನ್ ಬೇಸಿನ್ ಯಾರ್ಗೂ ಕೊಟ್ಟಿಲ್ಲ, ಹಂಗೇ ಇಟ್ಟವ್ರೆ" ಅಂತ ಮಾಲೀಕರ ಸುದ್ದಿ ಹೇಳಿದಳು. ಹೋಗಲು ಆಸೆಯಾಯಿತು. ಬಿಸಿನೀರಿಗೆ ಹೆದರದ ಕೈ ಅಂತ ಅಲ್ಲಿ ನನಗೆ ಎಷ್ಟು ಮರ್ಯಾದೆ ಇತ್ತು. ಆ ಕೈಯನ್ನು ನಂಬಿಕೊಂಡು ನಾನು ಮುದುಕನ ಮುಖ ಸುಟ್ಟೆ.

ಇನ್ನು ಬ್ರಷ್ ಮುಟ್ಟುವುದಿಲ್ಲ.

ಜನವರಿ ೧೯, ಶುಕ್ರವಾರ

ಮುಟ್ಟುವುದಿಲ್ಲ ಅಂತ ಬರೆದವಳೇ ಮತ್ತೆ ಮುಟ್ಟಿದೆ.

ಬೊಬ್ಬೆ ಒಡೆದು ಒಣಗುತ್ತಿದೆ. ಇವತ್ತು ಮಾವ ಕರೆದರು. ನಾನು ಬಾಗಿಲ ಹಿಂದೆ ನಿಂತೇ, "ನನ್ನ ಕೈಗೆ ಬಿಸಿ ಗೊತ್ತಾಗಲ್ಲ ಮಾವ, ನಾನು ಮಾಡಲ್ಲ" ಅಂದೆ. "ನೀರ್ ತತ್ತಾ" ಅಂದರು. ತಂದೆ. ಎಡಗೈಯ ಕಿರುಬೆರಳನ್ನು ಚೊಂಬಿಗೆ ಅದ್ದಿ, "ಬಿಸಿ" ಅಂದರು. ತಣ್ಣೀರು ಬೆರೆಸಿದೆ. ಮತ್ತೆ ಅದ್ದಿ, "ಇನ್ನೊಸಿ" ಅಂದರು. ಬೆರೆಸಿದೆ. ಮೂರನೇ ಸಲಕ್ಕೆ ಕಣ್ಣು ಮುಚ್ಚಿ, "ಹೂಂ, ಇದು" ಅಂದರು.

ಆಮೇಲೆ ಬೆರಳು ತೆಗೆದು, "ಕೈ ನಿಂದು, ಚರ್ಮ ನಂದು. ಇಬ್ರೂ ಸೇರಿದ್ರೆ ಒಂದಾಳು" ಅಂದರು. ಬಿಕ್ಕಿ ಬಂದುಬಿಟ್ಟಿತು ನನಗೆ. ಎಂಥಾ ಮನುಷ್ಯ ಇವರು! ಮುಖ ಸುಟ್ಟವಳಿಗೆ ಕೆಲಸ ಕೊಡುತ್ತಾರೆ.

ಹಾಗೇ ಮಾಡಿದೆವು. ಸುಟ್ಟ ಜಾಗ ಬಿಟ್ಟು ಉಳಿದ ಕಡೆ.

ಜನವರಿ ೨೬, ಶುಕ್ರವಾರ

ಮಾವ ಇವತ್ತು ಜಗಲಿಯಲ್ಲಿ ಕೂತು ರೇಡಿಯೋ ಕೇಳಿದರು. ನಾನೂ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿದೆ. ಮಾವ ಎಡಗೈಲಿ ಸುಲಿಯಲು ಹೋಗಿ ಕಾಳೆಲ್ಲ ಉರುಳಿಸಿದರು. "ಸುಮ್ನೆ ಕೂತ್ಕೊಳ್ಳಿ ಮಾವ, ನನ್ನ ಕೆಲಸ ಎರಡು ಮಾಡ್ಬೇಡಿ" ಅಂದೆ. ಮತ್ತೆ ಉರುಳಿಸಿದರು, ಬೇಕೂಂತಲೇ.

ಫೆಬ್ರವರಿ ೬, ಮಂಗಳವಾರ

ಶೇವಿಂಗ್ ಆಯಿತು. ಸೊಗಸಾಗಿ ಆಯಿತು. ಕಲೆ ಮಾತ್ರ ಉಳಿದಿದೆ, ಎಂಟಾಣೆ ಅಗಲ, ಕಂದು ಬಣ್ಣ. ರಾಗಿ ರೊಟ್ಟಿ ಬೇಯಿಸುವಾಗ ಯಾವಾಗಿನ ಹಾಗೆ ಬರಿಗೈಲಿ ಕಾವಲಿ ಮೇಲಿನಿಂದ ಎತ್ತಲು ಹೋಗಿ ಬೆರಳು ಚುರ್ರೆಂದಿತು, ರೊಟ್ಟಿ ಬೂದಿಗೆ ಬಿತ್ತು. ಹಾಳಾದ ಒಲೆ, ಸೌದೆ ಹೆಚ್ಚು ತುಂಬಿಬಿಟ್ಟಿದ್ದೆ.

ಬ್ರಷ್ಷಿನ ಕೂದಲು ಈಗ ಉದುರುತ್ತಿಲ್ಲ. ನೀರಲ್ಲಿ ನೆನೆದಾಗ ತುದಿಯೆಲ್ಲ ಒಟ್ಟಿಗೆ ಸೇರುತ್ತವೆ, ಒಣಗಿದ ಮೇಲೆ ಅರಳಿಕೊಳ್ಳುತ್ತವೆ. ನೋಡುತ್ತ ನಿಂತರೆ ಕೆಲಸವೇ ಸಾಗುವುದಿಲ್ಲ.

ಫೆಬ್ರವರಿ ೧೫, ಗುರುವಾರ

ನಾಳೆ ಶಿವರಾತ್ರಿ. ಅತ್ತಿಗೆ ಹಬ್ಬ ಮುಗಿಸಿಕೊಂಡು ನಾಡಿದ್ದು ಬರುತ್ತಾರಂತೆ. ಇವರು ನನ್ನನ್ನು ಹಿತ್ತಲಿಗೆ ಕರೆದು, "ಕಲೆ ಏನು ಅಂದ್ರೆ ಸೊಳ್ಳೆ ಕಚ್ಚಿ ಕೆರ್ಕೊಂಡ್ರು ಅನ್ನು" ಅಂದರು. ಮಂಡ್ಯದ ಎಮ್ಮೆಯಷ್ಟು ದಪ್ಪ ಸೊಳ್ಳೆಯಾ? ಅತ್ತಿಗೆ ಪೆದ್ದರಾ? ನನಗೆ ಸುಳ್ಳು ಹೇಳಲು ಬರುವುದಿಲ್ಲ, ಬಾಯಿ ಮೊದಲು ಬಿಚ್ಚಿಕೊಳ್ಳುತ್ತದೆ.

ಮಾವನನ್ನು ಕರೆದುಕೊಂಡು ಹೋಗಿಬಿಟ್ಟರೆ ಬೆಳಿಗ್ಗೆ ಎದ್ದು ನಾನು ಏನು ಮಾಡಲಿ?

ಫೆಬ್ರವರಿ ೧೭, ಶನಿವಾರ

ಅತ್ತಿಗೆ ಬಂದರು. ಚಪ್ಪಲಿ ಬಿಡುವ ಮುಂಚೆಯೇ ಕಲೆ ಕಂಡರು.

"ಇದೇನಪ್ಪಾ ಕೆನ್ನೇಲಿ?"

ಇವರು "ಸೊಳ್..." ಅಂತ ಶುರು ಮಾಡಿದರು. ನಾನು ಅಡ್ಡ ಬಂದು, "ನಾನೇ ಸುಟ್ಟೆ ಅತ್ತಿಗೆ. ಬಿಸಿ ಬಟ್ಟೆ ಇಟ್ಟೆ. ನನ್ನ ಕೈಗೆ ಬಿಸಿ ಗೊತ್ತಾಗಲಿಲ್ಲ" ಅಂದೆ.

ಅತ್ತಿಗೆ ಜೋರಾಗಿ ಬೈದಿದ್ದರೆ ನಾನೂ ಜೋರಾಗಿ ಅತ್ತು ಮುಗಿಸುತ್ತಿದ್ದೆ. ಅವರು ಬೈಯಲಿಲ್ಲ. ಗೂಟದಿಂದ ಮಾವನ ಪಂಚೆ, ಅಂಗಿ, ಟವೆಲು ಎಲ್ಲ ತೆಗೆದು ಬ್ಯಾಗಿಗೆ ತುಂಬುತ್ತ, "ಬೆಳಿಗ್ಗೆ ಆಟೋ ಹೇಳವ್ನಿ" ಅಂದರು. ಇವರ ಕಡೆ ತಿರುಗಿ, "ನಿನ್ನ ಏನೂ ಅನ್ನಾಕಿಲ್ಲ ಕಣ್ಲಾ. ಅವ್ಳನ್ನೂ ಅನ್ನಾಕಿಲ್ಲ. ಆದ್ರೆ ಗೊತ್ತಾಗ್ದಿರೋ ಕೈಗೆ ನಮ್ಮಪ್ಪನ್ನ ಹೆಂಗ್ ಕೊಡ್ಲಿ?" ಅಂದರು.

ಅವರು ಕೇಳಿದ್ದರಲ್ಲಿ ತಪ್ಪೇನಿದೆ? ಅದೇ ನನ್ನ ಸಂಕಟ. ನನ್ನಪ್ಪನಾಗಿದ್ದರೆ ನಾನೂ ಹಾಗೇ ಕೇಳುತ್ತಿದ್ದೆ.

ಮಾವ ಉಂಡು ಮಲಗಿದರು.

ಫೆಬ್ರವರಿ ೧೮, ಭಾನುವಾರ

ನಡೆದದ್ದನ್ನು ನಡೆದ ಹಾಗೇ ಬರೆದಿಡುತ್ತೇನೆ.

ಬೆಳಿಗ್ಗೆ ಆಟೋ ಬಂದು ಬಾಗಿಲಲ್ಲಿ ನಿಂತಿತ್ತು. ಅತ್ತಿಗೆ, "ಏಳಪ್ಪಾ" ಅಂದರು. ಮಾವ ಏಳಲಿಲ್ಲ. "ಶೇವಿಂಗು" ಅಂದರು.

"ನಮ್ಮೂರಲ್ಲಿ ಮಾಡ್ಸಾನ ಬಾ."

"ಹಿಂಗೇ ಬರಾಕಿಲ್ಲ."

ಅತ್ತಿಗೆ ಸೆರಗು ಸಿಕ್ಕಿಸಿ, "ಆಯ್ತು, ನಾನೇ ಮಾಡ್ತೀನಿ, ನೀರ್ ಕೊಡಮ್ಮಿ" ಅಂದರು. ನಾನು ಚೊಂಬು ಕೊಟ್ಟೆ. ಮಾವ ಕಿರುಬೆರಳು ಅದ್ದಿ ಹೂಂ ಅಂದ ಮೇಲೆ ಬ್ರಷ್ ನೆನೆಹಾಕಿ ಕೊಟ್ಟೆ. ಅತ್ತಿಗೆ ಬ್ರಷ್ ಹಿಡಿದು ಅಪ್ಪನ ಎದುರು ಕೂತರು. ಕೂತವರ ಕೈ ಮುಂದಕ್ಕೇ ಹೋಗಲಿಲ್ಲ. ಹುಟ್ಟಿದಾಗಿನಿಂದ ಅಪ್ಪನ ಮುಖ ಮುಟ್ಟಿದವರಲ್ಲ ಅವರು. ಆ ಕಲೆಯನ್ನೇ ನೋಡುತ್ತ ಕಣ್ಣಲ್ಲಿ ನೀರು ತುಂಬಿಕೊಂಡರು.

"ಇಷ್ಟ್ ಸುಟ್ಟಾಗ ಒಂದ್ ಸಲ ಕೂಗ್ಬಾರ್ದಾಗಿತ್ತಾ ಅಪ್ಪಾ? ಆ ಕಡೆ ಒಸೀನೂ ಗೊತ್ತಾಗಾಕಿಲ್ವಾ ನಿಂಗೆ?"

ಮಾವ ನನ್ನ ಕಡೆ ನೋಡಿದರು. ಆಮೇಲೆ ಮಗಳ ಕಡೆ.

"ಗೊತ್ತಾಯ್ತು" ಅಂದರು.

ನಮಗೆ ಯಾರಿಗೂ ಅರ್ಥವಾಗಲಿಲ್ಲ. ಮಾವ ಉಸಿರು ಎಳೆದುಕೊಂಡು, ಒಂದೊಂದೇ ಮಾತು ಬಿಡಿಸಿ ಬಿಡಿಸಿ ಹೇಳಿದರು.

"ಉರೀತು. ಚೆನ್ನಾಗೇ ಉರೀತು. ಆ ಕಡೆ ಪೂರಾ ಸತ್ತಿಲ್ಲ. ಆದ್ರೆ ಕೂಗಿದ್ರೆ... ಇವ್ಳು ಇನ್ ಮುಟ್ಟಾಕಿಲ್ಲ. ಹೆದ್ರುಕಂಡು ಹೆದ್ರುಕಂಡು ಹತ್ರ ಬಂದಿದ್ಳು ಮಗ. ಓಡೋಗ್ಬುಡ್ತಾಳೆ ಅಂತ... ಸುಮ್ಕಿದ್ದೆ."

ಆಗ ನನಗೆ ಏನಾಯಿತೋ ಗೊತ್ತಿಲ್ಲ. ಅತ್ತಿಗೆ ಇದ್ದಾರೆ, ಇವರಿದ್ದಾರೆ, ಆಟೋದವನು ಬಾಗಿಲಲ್ಲಿ ನಿಂತು ಕೇಳುತ್ತಿದ್ದಾನೆ, ಒಂದೂ ನೆನಪಿಗೆ ಬರಲಿಲ್ಲ.

"ತಲೆ ಕೆಟ್ಟಿದ್ಯಾ ಮಾವ ನಿಮಗೆ?" ಅಂದೆ. "ಮುಖ ಬೇಯ್ತಾ ಇದ್ರೂ ಸುಮ್ನೆ ಕೂತಿದ್ರಾ? ನಾನೇನು ಕುರಿಮರೀನಾ, ಕೂಗಿದ್ರೆ ಬೆದರಿ ಓಡೋಗೋಕೆ? ನಿಮ್ಮ ಮುಖಕ್ಕೆ ಬೆಲೆ ಇಲ್ವಾ? ನಾನು ಎಷ್ಟು ಸಲ ಹೇಳ್ಬೇಕು ನಿಮಗೆ, ಬಿಸಿ ಆದ್ರೆ ಹೇಳಿ, ನೋವಾದ್ರೆ ಹೇಳಿ, ಉಚ್ಚೆ ಬಂದ್ರೆ ಹೇಳಿ ಅಂತ! ಎಲ್ಲಾದಕ್ಕೂ ಹಲ್ಲು ಕಚ್ಕೊಂಡು ಕೂತಿರೋಕೆ ಇದೇನು ಗೇಟಾ? ನಾನು ಸೂಪರ್‌ವೈಸರಾ? ಆ ಬೊಬ್ಬೆ ನೋಡಿ ಎಷ್ಟು ದಿನ ಅನ್ನ ಸೇರಲಿಲ್ಲ ಗೊತ್ತಾ ನನಗೆ? ಇನ್ನೊಂದು ಸಲ ಹಿಂಗೆ ಬಾಯಿ ಮುಚ್ಕೊಂಡು ಸುಟ್ಕೊಂಡ್ರೆ ನೋಡಿ, ಮುದ್ದೆಗೆ ಉಪ್ಪೇ ಹಾಕಲ್ಲ!"

ಮುದ್ದೆಗೆ ಯಾರೂ ಉಪ್ಪು ಹಾಕುವುದಿಲ್ಲ. ಸಿಟ್ಟಿನಲ್ಲಿ ಅಷ್ಟೇ ಹೊಳೆದದ್ದು.

ಮಾವ ಎಡಗಡೆ ಬಾಯಿ ಪೂರ್ತಿ ಅಗಲಿಸಿ ನಕ್ಕರು, ಭುಜ ಕುಲುಕಿಸಿ ನಕ್ಕರು. ನಾನು ಇನ್ನೂ ಬೈಯುತ್ತಲೇ ಇದ್ದೆ. ಬೈಯುತ್ತಲೇ ಅತ್ತಿಗೆಯ ಕೈಯಿಂದ ಬ್ರಷ್ ಕಿತ್ತುಕೊಂಡಿದ್ದೇನೆ, ಚೊಂಬಿನ ನೀರಿಗೆ ಬೆರಳಿಟ್ಟು, "ಆರೋಯ್ತು ನೋಡಿ, ನಿ‌ಮ್ಮ ಮಾತು ಕೇಳ್ತಾ ಕೂತ್ರೆ ಹೀಗೇ" ಅಂದು ಒಸಿ ಬಿಸಿನೀರು ಬೆರೆಸಿದ್ದೇನೆ, ಕೆನ್ನೆಗೆ ನೊರೆ ಹಚ್ಚಲು ಶುರು ಮಾಡಿದ್ದೇನೆ. ಎಲ್ಲ ಆದ ಮೇಲೇ ನನಗೆ ಗೊತ್ತಾದದ್ದು, ನೀರು ಆರಿದ್ದು ನನ್ನ ಬೆರಳಿಗೇ ತಿಳಿದಿತ್ತು ಅಂತ.

ತಿರುಗಿ ನೋಡಿದೆ. ಅತ್ತಿಗೆ ಬಾಗಿಲಿಗೆ ಹೋಗಿ ಆಟೋದವನಿಗೆ, "ಹೋಗಪ್ಪ, ಇವತ್ತಿಲ್ಲ" ಅನ್ನುತ್ತಿದ್ದರು. ಒಳಗೆ ಬಂದು ಬ್ಯಾಗಿನಿಂದ ಪಂಚೆ ತೆಗೆದು ಗೂಟಕ್ಕೆ ಹಾಕಿದರು, ಅಂಗಿ ಹಾಕಿದರು, ಟವೆಲು ಹಾಕಿದರು.

"ನಾನು ಮಗ್ಳಾಗಿ ಒಂದ್ ದಿನ ಅಪ್ಪಂಗೆ ಎದುರಾಡಿದೋಳಲ್ಲ" ಅಂದರು. "ನಮ್ಮನೇಲಿ ಅವರ್ಗೆ ಊಟ ಹಾಕೋರು ಅವ್ರೆ, ಕೈ ಮುಗಿಯೋರು ಅವ್ರೆ. ಹಿಂಗೆ ಬೈಯೋರು ಯಾರೂ ಇಲ್ಲ ಕಣಮ್ಮಿ. ಇಲ್ಲೇ ಇರ್ಲಿ."

ಆಮೇಲೆ ಅಡುಗೆಮನೆಗೆ ಹೋಗಿ ಕಾಫಿಗೆ ನೀರಿಟ್ಟರು.

ಮಾವನಿಗೆ ಎಲ್ಲರ ಮುಂದೆ ಹಾಗೆ ಬೈದದ್ದು ನನ್ನದೇ ತಪ್ಪು, ಹಿರಿಯರು ಅನ್ನುವ ಗೌರವ ಬೇಡವಾ? ನಾಳೆ ಬೆಳಿಗ್ಗೆ ತಪ್ಪಾಯಿತು ಅನ್ನಬೇಕು ಅಂದುಕೊಂಡಿದ್ದೇನೆ. ಆದರೆ ಆ ಕಲೆ ಕಣ್ಣಿಗೆ ಬಿದ್ದರೆ ಮತ್ತೆ ಬೈದೇ ಬಿಡುತ್ತೇನೆ ಅನ್ನಿಸುತ್ತದೆ.